ಬಿಡಿಭಾಗಕ್ಕೂ ಒಂದು ಜಾತಕ ಇರಲಿ

‘ಅಲಾಯ್ ವೀಲ್, ನಾಲ್ಕು. ಗುಡ್ ಕಂಡೀಷನ್. ಬೆಲೆಗೆ ಮೆಸೇಜ್ ಮಾಡಿ.’

ಹಳೆಯ ಕಾರಿನ ಸಾಮಾನನ್ನು ಆನ್‌ಲೈನ್‌ನಲ್ಲಿ ಒಮ್ಮೆಯಾದರೂ ಹುಡುಕಿದವರಿಗೆ ಈ ಜಾಹೀರಾತು ಬಾಯಿಪಾಠ ಆಗಿರುತ್ತದೆ. ಫೋಟೊದಲ್ಲಿ ತೊಳೆದು ಪಾಲಿಶ್ ಹಾಕಿದ ಚಕ್ರಗಳು, ಹಿನ್ನೆಲೆಯಲ್ಲಿ ಯಾರದೋ ಮನೆ ಮುಂದಿನ ರಂಗೋಲಿ. ಆ ಚಕ್ರ ಯಾವ ಕಾರಿನಲ್ಲಿತ್ತು, ಎಷ್ಟು ಕಿಲೊಮೀಟರ್ ಓಡಿದೆ, ಯಾಕೆ ಬಿಚ್ಚಿದರು, ಗುಂಡಿಗೆ ಬಿದ್ದು ಬಾಗಿತ್ತೇ? ಒಂದಕ್ಕೂ ಉತ್ತರ ಇರುವುದಿಲ್ಲ. ಕೇಳಿದರೆ, ‘ಬ್ರೋ, ಬೇಕಾದ್ರೆ ತಗೊಳ್ಳಿ, ಇನ್ನೂ ಮೂರು ಜನ ಕೇಳ್ತಿದ್ದಾರೆ’ ಅನ್ನುತ್ತಾರೆ.

ಮದುವೆಗೆ ಮುಂಚೆ ಮೂರು ತಲೆಮಾರು ವಿಚಾರಿಸುವ ಜನ ನಾವು. ತುಮಕೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ನಮ್ಮನ್ನು ಹೊತ್ತು ಓಡುವ ಚಕ್ರಕ್ಕೆ ಮಾತ್ರ ಯಾವ ಜಾತಕವನ್ನೂ ಕೇಳುವುದಿಲ್ಲ. ಹಳೆಯ ಪರ್ಫಾರ್ಮೆನ್ಸ್ ಬಿಡಿಭಾಗಗಳ ಆನ್‌ಲೈನ್ ಮಾರಾಟ ಕೆಟ್ಟ ದಂಧೆ ಎಂದು ನಾನು ಹೇಳುತ್ತಿಲ್ಲ. ಒಂದೂವರೆ ವರ್ಷದಿಂದ ನಾನೇ ಅದನ್ನು ಮಾಡುತ್ತಿದ್ದೇನೆ. ಸಾಮಾನಿನ ಜತೆ ಅದರ ಪೂರ್ವಾಪರವನ್ನೂ ಕೊಡದೆ ಮಾರುವುದು ತಪ್ಪು ಎನ್ನುವುದಷ್ಟೇ ನನ್ನ ವಾದ. ನನ್ನಂತೆ ಓದುತ್ತ ನಾಲ್ಕು ಕಾಸು ಮಾಡಲು ಹೊರಟ ಹುಡುಗರು ಈ ತಪ್ಪನ್ನು ಅಭ್ಯಾಸ ಮಾಡಿಕೊಳ್ಳುವ ಮುಂಚೆಯೇ ಬಿಡಬೇಕು.

ನಾನು ಗೋವಿಂದರಾಜನಗರದವನು, ಮೆಕ್ಯಾನಿಕಲ್ ಬಿ.ಇ. ವಿದ್ಯಾರ್ಥಿ. ನಮ್ಮ ಏರಿಯಾದಿಂದ ಮಾಗಡಿ ರಸ್ತೆ ದಾಟಿ ಕಾಮಾಕ್ಷಿಪಾಳ್ಯಕ್ಕೆ ಹೋದರೆ ಲೇತ್, ವೆಲ್ಡಿಂಗ್, ಪೌಡರ್ ಕೋಟಿಂಗ್ ಎಲ್ಲವೂ ಸಿಗುತ್ತದೆ. ಕಾರು ಮಾರುವ ಮುಂಚೆ ಮಾಲೀಕರು ತಾವು ಹಾಕಿಸಿದ್ದ ಏರ್ ಫಿಲ್ಟರ್, ಸ್ಪ್ರಿಂಗ್, ಅಲಾಯ್, ಸ್ಟೀರಿಂಗ್‌ಗಳನ್ನು ಬಿಚ್ಚಿಸಿ ಮೂಲ ಸಾಮಾನು ಹಾಕಿಸುತ್ತಾರೆ. ಬಿಚ್ಚಿದ್ದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುತ್ತದೆ. ಅದನ್ನು ತಂದು, ತೊಳೆದು, ಅಳತೆ ತೆಗೆದು, ಫೋಟೊ ಹಾಕಿ ಮಾರುವುದು ನನ್ನ ಕೆಲಸ. ಹಾಸನ, ದಾವಣಗೆರೆಯಿಂದೆಲ್ಲ ಗಿರಾಕಿಗಳು ಬರುತ್ತಾರೆ. ಚಕ್ರದಂಥ ಭಾರದ ಸಾಮಾನಿಗೆ ಕೊರಿಯರ್‌ಗಿಂತ ಬಸ್ ಪಾರ್ಸೆಲ್ಲೇ ವಾಸಿ. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿದ್ದು ನನ್ನಂಥವರಿಗೆ ಅನುಕೂಲವಾಗಿದೆ.

‘ಇಂಜಿನಿಯರಿಂಗ್ ಓದಿ ಗುಜರಿ ವ್ಯಾಪಾರಾನಾ?’ ಎಂದು ಕೇಳುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರಿಗೆ ಮೈಸೂರಿನ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ನಾನು ಹುಟ್ಟುವ ಮುಂಚೆಯೇ ಬಾಗಿಲು ಹಾಕಿದ ಆ ಕಾರ್ಖಾನೆಯ ಯೆಜ್ಡಿಗಳು ಇವತ್ತೂ ಭಾನುವಾರ ಬೆಳಿಗ್ಗೆ ವಿಜಯನಗರದ ರಸ್ತೆಯಲ್ಲಿ ಡಬ್ ಡಬ್ ಎನ್ನುತ್ತ ಹೋಗುತ್ತವೆ. ಕಾರ್ಖಾನೆ ಇಲ್ಲದೆ ಗಾಡಿ ಇಷ್ಟು ವರ್ಷ ಬದುಕಿದ್ದು ಹೇಗೆ? ಹಳೆಯ ಗಾಡಿ ಬಿಚ್ಚಿ, ಒಳ್ಳೆಯ ಭಾಗವನ್ನು ಜೋಪಾನ ಮಾಡಿ, ಬೇಕಾದವರಿಗೆ ಕೊಟ್ಟ ಜನರಿಂದ. ಕಾರಿನಲ್ಲೂ ಇದೇ ಕತೆ ಶುರುವಾಗಿದೆ. ಫೋಕ್ಸ್‌ವ್ಯಾಗನ್ ಕಂಪನಿ ಭಾರತದಲ್ಲಿ ಪೋಲೊ ತಯಾರಿಕೆ ನಿಲ್ಲಿಸಿದ್ದು 2022ರಲ್ಲಿ. ಪೋಲೊ ಪ್ರಿಯರು ಮಾತ್ರ ನಿಂತಿಲ್ಲ.

ಇನ್ನೊಂದು ಕಡೆ ಕಾಲೇಜು ತಂಡಗಳಿವೆ. ಮೈಸೂರು ರಸ್ತೆಯ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳು ಸ್ವಂತ ಫಾರ್ಮುಲಾ ಕಾರು ಕಟ್ಟಿ ಹೆಸರು ಮಾಡಿವೆ. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಬರುವ ಬಹಳ ತಂಡಗಳು ನೆಚ್ಚಿಕೊಂಡಿರುವುದು ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್ನನ್ನು. ಹೊಸ ಬೈಕ್ ಕೊಂಡು ಎಂಜಿನ್ ಕಿತ್ತುಕೊಳ್ಳುವಷ್ಟು ದುಡ್ಡು ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ. ಆಗ ಹಳೆಯ ಸಾಮಾನಿನ ಮಾರುಕಟ್ಟೆಯೇ ಗತಿ. ಹಾಗಾಗಿ ‘ಪರ್ಫಾರ್ಮೆನ್ಸ್ ಸಾಮಾನು ಕೊಳ್ಳುವವರೆಲ್ಲ ರಾತ್ರಿ ರಿಂಗ್ ರೋಡಿನಲ್ಲಿ ಕಿರುಚಿಸಿಕೊಂಡು ಹೋಗುವ ಪಡ್ಡೆಗಳು’ ಎಂದು ಒಂದೇ ಏಟಿಗೆ ಹೇಳಿಬಿಡುವುದನ್ನು ನಾನು ಒಪ್ಪುವುದಿಲ್ಲ. ಕಿರುಚಿಸುವವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಸಾಮಾನಿಗೆ ಆನ್‌ಲೈನ್‌ಗಿಂತ ಮುಂಚೆಯೇ ಮಾರುಕಟ್ಟೆ ಇತ್ತು. ಹೊಸದಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. ಮೆಟ್ರೊದಲ್ಲಿ ಕಬ್ಬನ್ ಪಾರ್ಕ್‌ವರೆಗೆ ಹೋಗಿ, ಅಲ್ಲಿಂದ ಆಟೊ ಹಿಡಿದು ಶಿವಾಜಿನಗರಕ್ಕೆ ಹೋದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಅಲ್ಲಿಯೂ ಯಾಮಾರಿಸುವವರು ಇಲ್ಲವೆಂದಲ್ಲ. ಆದರೆ ಅಲ್ಲಿ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಬಹುದು. ಟರ್ಬೊ ಶಾಫ್ಟ್ ಅಲ್ಲಾಡಿಸಬಹುದು, ಶಾಕ್ ಅಬ್ಸಾರ್ಬರ್ ಒತ್ತಿ ಎಣ್ಣೆ ಒಸರುತ್ತಿದೆಯೇ ನೋಡಬಹುದು. ಕೆಟ್ಟರೆ ಮಾರನೇ ದಿನ ಹೋಗಿ ‘ಭಾಯ್, ಇದು ನೋಡಿ’ ಎಂದು ಜಗಳ ಆಡಬಹುದು. ಅಂಗಡಿ ಅಲ್ಲೇ ಇರುತ್ತದೆ, ಭಾಯ್ ಕೂಡ ಅಲ್ಲೇ ಇರುತ್ತಾರೆ. ಆನ್‌ಲೈನ್‌ನಲ್ಲಿ ಅಂಗಡಿಯೂ ಇಲ್ಲ, ಮುಖವೂ ಇಲ್ಲ. ನಂಬರ್ ಬ್ಲಾಕ್ ಆದರೆ ಮುಗಿಯಿತು. ಕೈಯಿಂದ ಮುಟ್ಟಿ ನೋಡುವ ಅವಕಾಶ ಹೋದ ಮೇಲೆ ಆ ಜಾಗಕ್ಕೆ ಏನಾದರೂ ಬರಬೇಕಲ್ಲ? ಬಂದಿರುವುದು ಬರೀ ‘ಗುಡ್ ಕಂಡೀಷನ್’.

ನನ್ನ ಕ್ಲಾಸಿನ ಗೆಳೆಯನೊಬ್ಬ ಕಳೆದ ಮಳೆಗಾಲದಲ್ಲಿ ಹೀಗೇ ನಾಲ್ಕು ಅಲಾಯ್ ತರಿಸಿದ. ಹೊಳೆಯುವ ಕಪ್ಪು ಬಣ್ಣ, ಒಂದು ಗೆರೆಯೂ ಇಲ್ಲ. ಮೂರನೇ ವಾರ ಕುಣಿಗಲ್ ಕಡೆ ಹೋಗುವಾಗ ಮುಂದಿನ ಎಡಗಡೆ ಚಕ್ರ ಗಾಳಿ ಬಿಡತೊಡಗಿತು. ಪಂಕ್ಚರ್ ಅಂಗಡಿಯವರು ಟೈರ್ ತೆಗೆದು ನೀರಿಗೆ ಹಾಕಿ, ‘ಟೈರ್ ಸರಿ ಇದೆ, ರಿಮ್ಮೇ ಸೀಳಿದೆ’ ಎಂದರು. ಬಣ್ಣ ಕೆರೆದು ನೋಡಿದರೆ ಒಳಗಡೆ ವೆಲ್ಡಿಂಗ್ ಮಾಡಿದ ಗುರುತು. ಬೆಸುಗೆ ಹಾಕಿದ್ದ ಜಾಗದ ಪಕ್ಕದಲ್ಲೇ ಮತ್ತೆ ಬಿರುಕು ಬಿಟ್ಟಿತ್ತು. ಅವನು ನಿಧಾನವಾಗಿ ಹೋಗುತ್ತಿದ್ದ, ಹಿಂದಿನ ಸೀಟಿನಲ್ಲಿ ಅಜ್ಜಿ ಇದ್ದರು, ಎಲ್ಲರೂ ಕ್ಷೇಮವಾಗಿ ಮನೆಗೆ ಬಂದರು. ಮಾರಿದವನ ನಂಬರ್ ಅವತ್ತಿನಿಂದ ಸ್ವಿಚ್ಡ್ ಆಫ್.

ಅದು ಯಾಕೆ ಹಾಗಾಯಿತು ಎನ್ನುವುದು ನಮ್ಮ ಸಿಲಬಸ್‌ನಲ್ಲೇ ಇದೆ. ಲೋಹದ ದಣಿವು, ಅಂದರೆ ಫಟೀಗ್, ಎಂಬ ಪಾಠ ನೆನಪಿದೆಯೇ? ಉಕ್ಕಿಗೆ ಒಂದು ಮಿತಿ ಇದೆ. ಹೊರೆ ಅದಕ್ಕಿಂತ ಕಡಿಮೆ ಇದ್ದರೆ ಎಷ್ಟು ಸಲ ಬಗ್ಗಿಸಿದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಖಚಿತ ಮಿತಿ ಇಲ್ಲ. ಪ್ರತಿ ಗುಂಡಿ, ಪ್ರತಿ ಹಂಪ್ ಅದರ ಆಯುಸ್ಸಿನಲ್ಲಿ ಸ್ವಲ್ಪ ಸ್ವಲ್ಪ ಕಳೆಯುತ್ತಲೇ ಹೋಗುತ್ತದೆ. ನಮ್ಮ ಬೆಂಗಳೂರಿನ ರಸ್ತೆಯಲ್ಲಿ ಆ ಲೆಕ್ಕ ಎಷ್ಟು ಬೇಗ ಏರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಾಲದ್ದಕ್ಕೆ ಅಲಾಯ್ ಚಕ್ರಕ್ಕೆ ಬಲ ಬರುವುದು ತಯಾರಿಕೆಯಲ್ಲಿ ಹದವಾಗಿ ಕಾಯಿಸಿ ತಣಿಸುವುದರಿಂದ. ಬಿರುಕಿಗೆ ಮೇಲಿನಿಂದ ವೆಲ್ಡ್ ಹಾಕಿದರೆ ಅದರ ಬಿಸಿಗೆ ಸುತ್ತಲಿನ ಜಾಗದ ಹದವೇ ಹೋಗುತ್ತದೆ. ಮೇಲೆ ಪೌಡರ್ ಕೋಟಿಂಗ್ ಮಾಡಿದರೆ ಕಣ್ಣಿಗೆ ಹೊಸದು, ಒಳಗೆ ಮಡಕೆ.

ಇದನ್ನು ಪತ್ತೆ ಮಾಡುವುದು ರಾಕೆಟ್ ವಿಜ್ಞಾನವಲ್ಲ. ಡೈ ಪೆನೆಟ್ರೆಂಟ್ ಟೆಸ್ಟ್ ಎಂದು ನಾವೇ ಲ್ಯಾಬ್‌ನಲ್ಲಿ ಮಾಡುತ್ತೇವೆ. ಬಣ್ಣ ತೆಗೆದು, ಸ್ವಚ್ಛ ಮಾಡಿ, ಕೆಂಪು ದ್ರವ ಸಿಂಪಡಿಸಿ ಹತ್ತು–ಹದಿನೈದು ನಿಮಿಷ ಬಿಡಬೇಕು. ಒರೆಸಿ ಬಿಳಿ ಡೆವಲಪರ್ ಹೊಡೆದರೆ, ಬಿರುಕು ಇರುವ ಕಡೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡುತ್ತದೆ. ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ಬರೀ ರಿಮ್ ತಿರುಗಿಸಿ ವಿಡಿಯೊ ತೆಗೆದರೆ ಬಾಗು ಇದ್ದರೆ ಎದ್ದು ಕಾಣುತ್ತದೆ. ನಾನು ಚಕ್ರ ಮಾರುವಾಗ ಎರಡೂ ಮಾಡಿಸಿ ವಿಡಿಯೊ ಕಳಿಸುತ್ತೇನೆ. ಹೀಗೆ ನೋಡುವಾಗ ಎರಡು ಸೆಟ್‌ಗಳಲ್ಲಿ ಗೆರೆ ಮೂಡಿತು. ಮಾಲೀಕರಿಗೆ ತೋರಿಸಿ, ಅವರ ಎದುರೇ ಕತ್ತರಿಸಿ ಅಲ್ಯೂಮಿನಿಯಂ ತೂಕಕ್ಕೆ ಹಾಕಿಸಿದೆವು. ಕತ್ತರಿಸದೆ ಗುಜರಿಗೆ ಹಾಕಿದರೆ ಅದು ಮುಂದಿನ ತಿಂಗಳು ಹೊಸ ಬಣ್ಣದಲ್ಲಿ ‘ಗುಡ್ ಕಂಡೀಷನ್’ ಆಗಿ ವಾಪಸ್ ಬರುತ್ತದೆ.

ನನ್ನ ಜಾಹೀರಾತು ಉದ್ದ ಎಂದು ಗೆಳೆಯರು ಗೇಲಿ ಮಾಡುತ್ತಾರೆ. ಹೀಗಿರುತ್ತದೆ: ‘15 ಇಂಚಿನ ಅಲಾಯ್, ನಾಲ್ಕು. 2014ರ ಹೋಂಡಾ ಸಿಟಿಯಿಂದ ಬಿಚ್ಚಿದ್ದು. ಮಾಲೀಕರು ಕಾರು ಮಾರಿದ್ದರಿಂದ ಕೊಟ್ಟರು. ಸುಮಾರು 40 ಸಾವಿರ ಕಿ.ಮೀ. ಓಡಿದೆ. ಒಂದರ ಅಂಚಿನಲ್ಲಿ ಫುಟ್‌ಪಾತ್ ಉಜ್ಜಿದ ಗುರುತು ಇದೆ, ಫೋಟೊ ನೋಡಿ. ಬಿರುಕಿಲ್ಲ, ಟೆಸ್ಟ್ ವಿಡಿಯೊ ಇದೆ. ಮಧ್ಯದ ರಂಧ್ರ 56.1 ಮಿ.ಮೀ. ಸ್ವಿಫ್ಟ್‌ಗೆ ಹಾಕುವುದಾದರೆ ಹಬ್ ರಿಂಗ್ ಬೇಕು, ನಟ್ ಕೂಡ ಬೇರೆ.’

ಕೊನೆಯ ಸಾಲು ಯಾಕೆಂದರೆ, ಎರಡೂ ಕಾರಿಗೆ ನಾಲ್ಕು ಬೋಲ್ಟ್, ಎರಡರಲ್ಲೂ ಬೋಲ್ಟ್ ವೃತ್ತ 100 ಮಿ.ಮೀ. ನೋಡಿದರೆ ಕೂತೇಬಿಡುತ್ತದೆ. ಆದರೆ ಸುಜುಕಿ ಹಬ್‌ನ ಅಳತೆ 54.1. ಎರಡು ಮಿಲಿಮೀಟರ್ ಸಡಿಲ. ರಿಂಗ್ ಹಾಕದಿದ್ದರೆ ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗುತ್ತದೆ. ‘ಸ್ವಿಫ್ಟ್, ಸಿಟಿ, ಎಲ್ಲಕ್ಕೂ ಆಗುತ್ತೆ’ ಎಂದು ಬರೆದರೆ ಎರಡು ದಿನದಲ್ಲಿ ಮಾರಾಟ ಆಗುತ್ತಿತ್ತು. ಹೀಗೆ ಬರೆದಿದ್ದಕ್ಕೆ ಎರಡು ವಾರ ಹಿಡಿಯಿತು, ಒಂದೂವರೆ ಸಾವಿರ ಕಡಿಮೆಯೂ ಆಯಿತು. ನಷ್ಟ ಅನ್ನಿಸಲಿಲ್ಲ. ಆ ಸೆಟ್ ಕೊಂಡ ದಾವಣಗೆರೆಯವರು ಆಮೇಲೆ ಮೂವರನ್ನು ಕಳಿಸಿಕೊಟ್ಟರು.

ಟೈರ್ ಜತೆಗೆ ಮಾರುವವರಿಗೂ ಕೊಳ್ಳುವವರಿಗೂ ಒಂದು ಮಾತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟು ಆಳ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಜಾಹೀರಾತಿನಲ್ಲಿ ಆ ಅಂಕಿಯ ಫೋಟೊ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಕೆಲವನ್ನು ಮಾತ್ರ ಎಂಥ ಜಾತಕ ಇದ್ದರೂ ಮಾರಬಾರದು ಎಂದುಕೊಂಡಿದ್ದೇನೆ. ಬಿಚ್ಚಿದ ಏರ್‌ಬ್ಯಾಗ್, ಅಪಘಾತವಾದ ಕಾರಿನ ಸೀಟ್ ಬೆಲ್ಟ್, ಅಂಚಿನಲ್ಲಿ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಸವೆದ ಬ್ರೇಕ್ ಡಿಸ್ಕ್. ಇವು ಒಮ್ಮೆ ಕೈಕೊಟ್ಟರೆ ಎರಡನೇ ಅವಕಾಶ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಸರ್ಕಾರ ‘ನಿರ್ಣಾಯಕ ಸುರಕ್ಷಾ ಭಾಗ’ ಎಂದು ಅಧಿಸೂಚಿಸಿದ ಸಾಮಾನು ನಿಯಮಕ್ಕೆ ತಕ್ಕಂತೆ ಇಲ್ಲದಿದ್ದರೆ, ಮಾರಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದೊಂದು ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಕಾರ್ಖಾನೆಯವರಿಗಷ್ಟೇ ಅಲ್ಲ, ‘ಯಾರೇ ಮಾರಿದರೂ’ ಎಂದಿದೆ ಕಾನೂನು. ಹಾಸ್ಟೆಲ್ ರೂಮಿನಿಂದ ಮಾರುವವರೂ ಆ ‘ಯಾರೇ’ಯೊಳಗೆ ಬರುತ್ತಾರೆ.

ಈಗ ಕಿರುಚಿಸುವವರ ವಿಷಯ. ಸೈಲೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ಪೈಪು, ಈ ಎರಡಕ್ಕೆ ಇರುವಷ್ಟು ಬೇಡಿಕೆ ಇನ್ನಾವುದಕ್ಕೂ ಇಲ್ಲ. ಬೆಳಿಗ್ಗೆ ಹಾಕಿದರೆ ಸಂಜೆಗೆ ಖಾಲಿ. ಮಾರುವವರು ‘ಟ್ರ್ಯಾಕ್ ಬಳಕೆಗೆ ಮಾತ್ರ’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಯಾವ ಟ್ರ್ಯಾಕ್ ಸ್ವಾಮಿ? ಕಾರ್ ರೇಸ್ ಎಂದರೆ ಇಲ್ಲಿಂದ ಕೊಯಮತ್ತೂರಿಗೆ ಹೋಗಬೇಕು, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಗೆ. ಕೊಂಡವರಲ್ಲಿ ಎಷ್ಟು ಜನ ಅಲ್ಲಿಗೆ ಹೋಗುತ್ತಾರೆ ಎಂದು ಮಾರುವವರಿಗೂ ಗೊತ್ತು. ಆ ಸದ್ದು ಬರುವುದು ಆಸ್ಪತ್ರೆಯ ಮುಂದೆ, ಪರೀಕ್ಷೆಗೆ ಓದುವ ತಂಗಿಯ ಕಿಟಕಿಯ ಹತ್ತಿರ. ಶಬ್ದ ಮತ್ತು ಹೊಗೆಯ ನಿಯಮ ಮುರಿದರೆ ಸೆಕ್ಷನ್ 190ರ ಪ್ರಕಾರ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ವಾಹನವನ್ನು ಕಾನೂನು ಒಪ್ಪದ ರೀತಿಯಲ್ಲಿ ಬದಲಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ ಐದು ಸಾವಿರ ದಂಡ ಬೇರೆ. ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೊ ನೋಡಿ ನಗುತ್ತೇವೆ. ಆ ಸೈಲೆನ್ಸರ್ ಮಾರಿದವರು ಆ ವಿಡಿಯೊದಲ್ಲಿ ಎಲ್ಲೂ ಇರುವುದಿಲ್ಲ. ನಾನು ಇವೆರಡನ್ನೂ ಮುಟ್ಟುವುದಿಲ್ಲ.

ಹಾಗಾದರೆ ಉಳಿದದ್ದೆಲ್ಲ ಕಾನೂನುಬದ್ಧವೇ? ಇಲ್ಲೊಂದು ಗೊಂದಲ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಹೇಳಿತು. ತೀರ್ಪಿನ ಉದ್ದೇಶ ರಸ್ತೆ ಸುರಕ್ಷತೆ, ಅದನ್ನು ಗೌರವಿಸುತ್ತೇನೆ. ಆದರೆ ಗುಣಮಟ್ಟದ ಏರ್ ಫಿಲ್ಟರ್ ಹಾಕಿದವರೂ, ಎಂಜಿನ್ನನ್ನೇ ಬದಲಿಸಿದವರೂ ಜನರ ಬಾಯಲ್ಲಿ ಒಂದೇ ‘ಮಾಡಿಫಿಕೇಷನ್’ ಗುಂಪು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಸಾರಿಗೆ ಇಲಾಖೆ ಕನ್ನಡದಲ್ಲಿ ಒಂದು ಪುಟದ ಪಟ್ಟಿ ಪ್ರಕಟಿಸಿದರೆ ಅರ್ಧ ವ್ಯಾಪಾರ ತಾನೇ ಶುದ್ಧವಾಗುತ್ತದೆ. ವಿಮೆಯವರಿಗೆ ಹೇಳದೆ ಬದಲಾಯಿಸಿ, ಅಪಘಾತವಾದಾಗ ಕ್ಲೇಮ್ ಸಿಗದೆ ಪರದಾಡುವುದೂ ತಪ್ಪುತ್ತದೆ.

ಅಪ್ಪನ ಚಿಂತೆ ಇದಲ್ಲ. ‘ಕದ್ದ ಮಾಲು ಮನೆಗೆ ಬಂದ್ರೆ ಏನೋ ಮಾಡ್ತೀಯ?’ ಎನ್ನುವುದು ಅವರ ಒಂದೇ ಪ್ರಶ್ನೆ. ಸರಿಯಾದ ಪ್ರಶ್ನೆ. ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ, ಕಳವಿನ ಮಾಲೆಂದು ಗೊತ್ತಿದ್ದು ಇಟ್ಟುಕೊಂಡರಷ್ಟೇ ಅಲ್ಲ, ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೂ ಮೂರು ವರ್ಷದವರೆಗೆ ಶಿಕ್ಷೆ. ಅರ್ಧ ಬೆಲೆಗೆ, ರಾತ್ರಿ ಹತ್ತಕ್ಕೆ, ಬಿಲ್ ಇಲ್ಲದೆ ಒಂದು ಎಂಜಿನ್ ಬಂದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು? ನಾನು ಕೊಳ್ಳುವಾಗ ಕಾರಿನ ಆರ್‌ಸಿ ಪ್ರತಿ, ಮಾಲೀಕರ ಸಹಿ ಇರುವ ಒಂದು ಚೀಟಿ ಪಡೆಯುತ್ತೇನೆ. ಎಂಜಿನ್ ಆದರೆ ಅದರ ಸಂಖ್ಯೆ, ಚಾಸಿ ಸಂಖ್ಯೆ, ನೋಂದಣಿ ಸಂಖ್ಯೆ ಹಿಡಿದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ನಾಗರಿಕ ಸೇವಾ ಜಾಲತಾಣದಲ್ಲಿ ಕಳವಿನ ದಾಖಲೆ ಇದೆಯೇ ಎಂದು ನೋಡಬಹುದು. ಇದು ಸಾರ್ವಜನಿಕರಿಗೆ ತೆರೆದಿರುವ ಸೌಲಭ್ಯ. ನನ್ನ ಕ್ಲಾಸಿನಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ.

ದುಡ್ಡಿನ ವಿಷಯ ಚುಟುಕಾಗಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ‘ನಾನು ಮಿಲಿಟರಿಯವನು, ಪೇಮೆಂಟ್‌ಗೆ ಕೋಡ್ ಕಳಿಸ್ತೀನಿ’ ಎಂದವರ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಪ್ರತಿ ಖರೀದಿ, ಮಾರಾಟವನ್ನು ಪುಸ್ತಕದಲ್ಲಿ ಬರೆದಿಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸ್ ಬಂದಾಗ ಬೆಂಗಳೂರಿನ ಸಣ್ಣ ಅಂಗಡಿಯವರು ‘ನೋ ಯುಪಿಐ’ ಬೋರ್ಡ್ ಹಾಕಿದ್ದು ನೆನಪಿರಬೇಕು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಮ್ಮದು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಲೆಕ್ಕ ಇದ್ದರೆ ನಿದ್ದೆ ಬರುತ್ತದೆ.

ಇಷ್ಟೆಲ್ಲ ಹುಡುಗರ ಪ್ರಾಮಾಣಿಕತೆಗೇ ಬಿಟ್ಟರೆ ಸಾಲದು. ಅಮೆರಿಕದಲ್ಲಿ 1984ರಲ್ಲೇ ಕಾನೂನು ಮಾಡಿ, ಹೆಚ್ಚು ಕಳವಾಗುವ ಕಾರುಗಳ ಮುಖ್ಯ ಭಾಗಗಳ ಮೇಲೆ ವಾಹನದ ಗುರುತು ಸಂಖ್ಯೆ ಹಾಕಿಸಿದರು. ನಮ್ಮಲ್ಲೂ 2019ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಬಿಡಿಭಾಗಗಳ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಮೈಕ್ರೊಡಾಟ್ ಗುರುತು ಹಾಕುವ ಕರಡು ಹೊರಡಿಸಿತ್ತು. ಅದಕ್ಕಿಂತ ಹತ್ತಿರದ ದಾರಿಯೂ ಇದೆ. 2021ರ ನಿಯಮಗಳ ಪ್ರಕಾರ ನೋಂದಾಯಿತ ವಾಹನ ಗುಜರಿ ಕೇಂದ್ರಗಳು ನಮ್ಮ ರಾಜ್ಯದಲ್ಲೂ ಶುರುವಾಗಿವೆ. ಗಾಡಿ ಬಿಚ್ಚುವ ಮುಂಚೆ ಅದು ಕಳವಿನದೇ ಎಂದು ಪರಿಶೀಲಿಸುವ ಹೊಣೆ ಆ ಕೇಂದ್ರಗಳ ಮೇಲಿದೆ. ಅಲ್ಲಿ ಬಿಚ್ಚಿದ ಒಳ್ಳೆಯ ಭಾಗಕ್ಕೆ, ಯಾವ ಗಾಡಿಯದು, ಯಾವ ವರ್ಷದ್ದು ಎಂದು ಬರೆದ ಒಂದು ರಸೀದಿ ಅಂಟಿಸಿ ನಮ್ಮಂಥ ಸಣ್ಣ ಮಾರಾಟಗಾರರಿಗೂ ಕಾಲೇಜು ತಂಡಗಳಿಗೂ ಕೊಡುವಂತಾಗಬೇಕು. ಆನ್‌ಲೈನ್ ತಾಣಗಳು ಫೋಟೊ ಹಾಕುವ ಜಾಗದಲ್ಲೇ ‘ಯಾವ ವಾಹನದಿಂದ, ಎಷ್ಟು ಕಿ.ಮೀ., ಏನು ದೋಷ’ ಎಂಬ ಮೂರು ಖಾನೆಗಳನ್ನು ಕಡ್ಡಾಯ ಮಾಡಬೇಕು. ತುಂಬದಿದ್ದರೆ ಜಾಹೀರಾತು ಹೋಗಬಾರದು. ಮೊಬೈಲ್ ಫೋನ್ ಮಾರುವಾಗ ಎಷ್ಟು ಜಿಬಿ ಎಂದು ಕೇಳುವ ತಾಣಕ್ಕೆ ಇದು ಕಷ್ಟವಲ್ಲ.

ಸದ್ಯ ನಮ್ಮ ಮಂಚದ ಕೆಳಗೆ ಒಂದು ಜತೆ ಲೋವರಿಂಗ್ ಸ್ಪ್ರಿಂಗ್ ಇದೆ. ಅಮ್ಮ ಕಸ ಗುಡಿಸುವಾಗಲೆಲ್ಲ ಬೈಯುತ್ತಾರೆ. ಕೇಳುವವರು ಇಬ್ಬರಿದ್ದಾರೆ, ಆದರೆ ಯಾವ ಕಾರಿನಿಂದ ಬಂತು ಎನ್ನುವ ಕಾಗದ ಇನ್ನೂ ಕೈಗೆ ಸಿಕ್ಕಿಲ್ಲ. ತಂದುಕೊಟ್ಟ ಗ್ಯಾರೇಜ್ ಅಣ್ಣ ಶನಿವಾರದೊಳಗೆ ಮಾಲೀಕರಿಂದ ಆರ್‌ಸಿ ಪ್ರತಿ ತರಿಸುತ್ತೇನೆ ಎಂದಿದ್ದಾರೆ. ಬಂದರೆ ಜಾಹೀರಾತು ಹಾಕುತ್ತೇನೆ, ಬರದಿದ್ದರೆ ಸ್ಪ್ರಿಂಗ್ ವಾಪಸ್ ಗ್ಯಾರೇಜಿಗೆ.